ಹಸೈನಾರನ ಗುಡ್ಡ

ಒಂದೇ ರಸ್ತೆ, ಒಂದೇ ಬೆಳಗು,
ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರ.
ಕೊಯಿಪಾಡಿ ಕಡಪ್ಪುರದಿಂದ ಹೊರಟು ಬದಿಯಡ್ಕ, ಪೆರ್ಲ,
ಧರ್ಮತ್ತಡ್ಕ ಸುತ್ತಿ, ಬಂದಿಯೋಡಿಗೆ ಇಳಿದು
ತಿರುಗಿ ಕುಂಬಳೆ ಪೇಟೆ ಮುಟ್ಟಿದಾಗ
ನನ್ನ ಹ್ಯಾಂಡಲಿನ ಯಂತ್ರ ಹೇಳಿತು:
ಹತ್ತಿದ್ದು ಎಂಟುನೂರ ಹನ್ನೆರಡು ಮೀಟರ್.
ಹಸೈನಾರನದು: ಸಾವಿರದ ನಲವತ್ತಾರು.

ಗೋಳಿಬಜೆಯ ಎಣ್ಣೆಗೈಯಲ್ಲೇ ಕಳೆದು ನೋಡಿದೆವು.
ಇನ್ನೂರ ಮೂವತ್ತನಾಲ್ಕು.
ಅಂದರೆ ದಾರಿಯಲ್ಲೆಲ್ಲೋ ಒಂದು ಗುಡ್ಡ,
ಅವನು ಹತ್ತಿದ್ದಾನೆ, ನಾನು ಹತ್ತಿಲ್ಲ.
ಪಕ್ಕದಲ್ಲೇ ಇದ್ದೆ. ಮಾತಾಡುತ್ತಲೂ ಇದ್ದೆ.

ವಾರದ ಆರು ದಿನ ನಾನು ಕರೆಂಟಿನ ಮೀಟರು ಓದುವವ.
"ಓಡ್ತದೆ ಮಾರಾಯ್ರೆ ಇದು, ಎರಡು ಬಲ್ಬಿಗೆ ಇಷ್ಟು ಬರ್ತದಾ?"
ಎಂದವರಿಗೆಲ್ಲ ಒಂದೇ ಉತ್ತರ ಕೊಟ್ಟವ:
ಮೀಟರು ಸುಳ್ಳು ಹೇಳುವುದಿಲ್ಲ.
ನಾಯಿ ಬಿಚ್ಚಿದ ಗೇಟಿನಲ್ಲೂ ಅದನ್ನೇ ಹೇಳಿದ್ದೇನೆ.
ಈಗ ಬಾಯಿ ತುಂಬ ಬಜೆ ಇದ್ದದ್ದು ಒಳ್ಳೆಯದಾಯಿತು.

ಅವನದು ಆಕಾಶವನ್ನು ಕೇಳಿ ಹೇಳುವ ಜಾತಿ.
ಉಪಗ್ರಹಗಳಿಗೆ ಎಡಬಲ ಚೆನ್ನಾಗಿ ಗೊತ್ತು,
ಯಾವ ತಿರುವಿನಲ್ಲಿ ನಿಂತು ಉಚ್ಚೆ ಹೊಯ್ದೆವೆಂದೂ ಗೊತ್ತು.
ಮೇಲೆ ಕೆಳಗೆ ಮಾತ್ರ ತಡವರಿಕೆ.
ಮೇಲಿಂದ ನೋಡುವವರಿಗೆ ಎತ್ತರ ಕಾಣುವುದು ಕಷ್ಟ.
ಕಾಣದ್ದನ್ನು ಹಳೆಯ ನಕ್ಷೆಯಿಂದ ತುಂಬಿಸಿಕೊಳ್ಳುತ್ತದಂತೆ.
ಪೆರ್ಮುದೆಯಾಚೆ ಒಂದು ಮುರಕಲ್ಲ ಗುಡ್ಡ
ಲಾರಿ ಲಾರಿಯಾಗಿ ಹೋಗಿ ಯಾರ್ಯಾರ ಮನೆಯ ಗೋಡೆಯಾಯಿತೋ,
ಅದರ ಹೊಂಡದ ಅಂಚಿನಲ್ಲೇ ಸಾಗಿ ಬಂದೆವು.
ಅವನ ಯಂತ್ರ ಆ ಗುಡ್ಡವನ್ನು ಹತ್ತಿಯೇ ಇಳಿದಿದೆ.
ಶಿರಿಯಾ ಸೇತುವೆಯ ಮೇಲೆ ನಾವು ಸಪಾಟಾಗಿ ಬಂದರೆ
ಅದು ಹೊಳೆಗಿಳಿದು, ನೀರು ಮುಟ್ಟಿ,
ಆಚೆ ದಡ ಏರಿ ಒಂಬತ್ತು ಮೀಟರ್ ಬರೆದುಕೊಂಡಿದೆ.
"ನಿನ್ನ ಗುಡ್ಡದ ಒಂದು ತುಂಡು ಸಿಕ್ಕಿತು," ಎಂದೆ.
ಅವನು ಬಗ್ಗಿ ತನ್ನ ಸಾಕ್ಸು ಮುಟ್ಟಿ ನೋಡಿದ: ಒಣಗಿಯೇ ಇದೆ.

ನನ್ನದಕ್ಕೆ ಸೂಜಿಮೊನೆಯಷ್ಟು ಒಂದು ತೂತು.
ಅದರಲ್ಲಿ ಗಾಳಿಯನ್ನು ತೂಗುತ್ತದೆ.
ಬೆವರಿನ ಒಂದು ಹನಿ ಕೂತರೆ ಕುರುಡು.
ಮೇಲಾಗಿ ಮೂರು ಮೀಟರಿಗಿಂತ ಸಣ್ಣ ಏರು
ಅದರ ಲೆಕ್ಕದಲ್ಲಿ ಏರೇ ಅಲ್ಲ.
ನಮ್ಮ ಕಡೆ ಅದಲ್ಲದೆ ಬೇರೇನಿದೆ?
ತೋಡು ದಾಟಿದರೆ ಒಂದು, ಮಸೀದಿ ಕಳೆದು ಒಂದು,
ಗೇರು ತೋಪಿನ ಬೇಲಿಗೆ ಒರಗಿದಂತೆ ಮತ್ತೊಂದು,
ಕಣ್ಣಿಗೆ ಕಾಣದ, ತೊಡೆ ಮಾತ್ರ ಓದುವ ಉಬ್ಬು.
ಬಿಲ್ಲಿಗೆ ಬಾರದ ಯೂನಿಟ್ಟುಗಳು.

ಹಸೈನಾರನ ಉಪ್ಪ ಇದೇ ರಸ್ತೆಯಲ್ಲಿ
ಕ್ಯಾರಿಯರಿಗೆ ಬೂತಾಯಿ ಪೆಟ್ಟಿಗೆ ಕಟ್ಟಿ ಪೆರ್ಲಕ್ಕೆ ಹೋಗುತ್ತಿದ್ದವರು.
ಅವರ ಅಳತೆ: ಇಳಿದು ತಳ್ಳಿದ ಜಾಗ ಹದಿನೇಳು.
ಎಪ್ರಿಲಿನಲ್ಲಿ ಹದಿನಾಲ್ಕೇ.
ಐಸು ಕರಗಿ, ದಾರಿಯುದ್ದ ತೊಟ್ಟಿಕ್ಕಿ ಪೆಟ್ಟಿಗೆ ಹಗುರಾಗುತ್ತಿತ್ತು;
ಅವರು ಮಾತ್ರ, ಬೇಸಿಗೆಯಲ್ಲಿ ಪೆರ್ಲ ಸ್ವಲ್ಪ ತಗ್ಗು
ಎಂದು ಕೊನೆಯವರೆಗೂ ನಂಬಿದ್ದರು.

ಮನೆಗೆ ಬಂದೆ. ಐದೂವರೆಗೆ ಹೊರಟಾಗ ನನ್ನ ಅಂಗಳ
ಸಮುದ್ರಕ್ಕಿಂತ ಆರು ಮೀಟರ್ ಮೇಲಿತ್ತು.
ಹತ್ತು ಗಂಟೆಗೆ ಗಾಳಿ ಭಾರವಾಗಿ
ಏಳು ಮೀಟರ್ ಕೆಳಗೆ.
ಹೆಂಡತಿ ಬಟ್ಟೆ ಒಣಗಹಾಕುತ್ತಿದ್ದಳು,
ಸಮುದ್ರದ ತಳದಲ್ಲಿ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು.

ಮೀಟರು ಕೆಟ್ಟರೆ ನಮ್ಮಲ್ಲೊಂದು ಕ್ರಮವಿದೆ:
ಹಿಂದಿನ ಮೂರು ಬಿಲ್ಲಿನ ಸರಾಸರಿ.
ಹಾಕಿದೆ. ಎಂಟುನೂರ ಹನ್ನೆರಡು,
ಸಾವಿರದ ನಲವತ್ತಾರು,
ಹದಿನೇಳು.
ಮೂರರಿಂದ ಭಾಗಿಸಿದರೆ ಆರುನೂರ ಇಪ್ಪತ್ತೈದು, ಶೇಷವಿಲ್ಲ.
ಹಸೈನಾರನಿಗೆ ಕಳಿಸಿದೆ.

ಉತ್ತರ ಬಂತು:
"ಇದು ಎಪ್ರಿಲ್ ಅಲ್ವಾ, ಉಪ್ಪನದು ಹದಿನಾಲ್ಕು ಹಾಕು."

ಹಾಕಿದೆ.
ಆಗಲೂ ಶೇಷ ಉಳಿಯಲಿಲ್ಲ.
ಪೆರ್ಲ ಒಂದು ಮೀಟರ್ ತಗ್ಗಿತು.